ಬೇರೆಯವರ ಮನೆಯ ಕಾಗದಪತ್ರ

1788ನೇ ಇಸವಿಯ ಆಗಸ್ಟ್ 10ರಂದು ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ದೊಡ್ಡ ದರ್ಬಾರು ನಡೆಯಿತು. ಮೈಸೂರಿನಿಂದ ಟಿಪ್ಪು ಸುಲ್ತಾನ್ ಕಳಿಸಿದ್ದ ಮೂವರು ರಾಯಭಾರಿಗಳು, ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್, ಅಂದು ದೊರೆ ಹದಿನಾರನೆಯ ಲೂಯಿಯ ಎದುರು ನಿಂತರು. ನೋಡಲು ಸೇರಿದ್ದ ಗುಂಪಿನಲ್ಲಿ ಅಮೆರಿಕದ ರಾಯಭಾರಿಯೂ ಇದ್ದ. ಹೆಸರು ಥಾಮಸ್ ಜೆಫರ್‌ಸನ್. ಮರುದಿನ ಅವನು ತನ್ನ ದೇಶದ ವಿದೇಶಾಂಗ ಕಾರ್ಯದರ್ಶಿ ಜಾನ್ ಜೇಗೆ ಬರೆದ ಪತ್ರದಲ್ಲಿ ಈ ದರ್ಬಾರಿನ ಬಗ್ಗೆಯೂ ಒಂದೆರಡು ಮಾತು ಸೇರಿಸಿದ. ಆಡಂಬರ ಎಂದಿನಂತಿರದೆ ಬಹಳ ಜೋರಾಗಿತ್ತು, ಜನ ಕಿಕ್ಕಿರಿದಿದ್ದರಿಂದ ರಾಯಭಾರಿಗಳು ಆಡಿದ್ದಾಗಲಿ ದೊರೆ ಉತ್ತರಿಸಿದ್ದಾಗಲಿ ಸರಿಯಾಗಿ ಕಿವಿಗೆ ಬೀಳಲಿಲ್ಲ, ಕೇಳಿಸಿದ ಅಲ್ಪಸ್ವಲ್ಪದಲ್ಲಿ ಪರಸ್ಪರ ಸ್ನೇಹದ ಭರವಸೆಗಿಂತ ಹೆಚ್ಚಿನದೇನೂ ಇರಲಿಲ್ಲ ಎಂಬುದು ಅವನು ಬರೆದದ್ದರ ಸಾರ.

ಶ್ರೀರಂಗಪಟ್ಟಣದ ದೊರೆಯ ಕಡೆಯವರನ್ನು ಕುರಿತು, ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಕೈಯೇ ಬರೆದ ಈ ಪತ್ರ ಇವತ್ತು ಯಾರಿಗೆ ಬೇಕಾದರೂ ಸಿಗುತ್ತದೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದವರು 2013ರಲ್ಲಿ 'ಫೌಂಡರ್ಸ್ ಆನ್‌ಲೈನ್' ಎಂಬ ತಾಣವನ್ನು ತೆರೆದು ವಾಷಿಂಗ್ಟನ್, ಫ್ರಾಂಕ್ಲಿನ್, ಆಡಮ್ಸ್, ಜೆಫರ್‌ಸನ್ ಮುಂತಾದವರ ಕಾಗದಪತ್ರಗಳನ್ನು ಪುಕ್ಕಟೆಯಾಗಿ ಓದಲು ಇಟ್ಟಿದ್ದಾರೆ. ಅದಕ್ಕೂ ಮೊದಲೇ, ತೊಂಬತ್ತರ ದಶಕದಲ್ಲಿ, ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಹಸ್ತಪ್ರತಿ, ನಕ್ಷೆ, ಫೋಟೋಗಳನ್ನು ಕಂಪ್ಯೂಟರಿಗೆ ಏರಿಸತೊಡಗಿತ್ತು. ಆ ದೇಶದ ಅನೇಕ ಹೈಸ್ಕೂಲುಗಳಲ್ಲಿ ಇತಿಹಾಸದ ಮೇಷ್ಟ್ರು ಪಠ್ಯಪುಸ್ತಕ ಬದಿಗಿಟ್ಟು ಇಂಥ ಮೂಲ ದಾಖಲೆಗಳನ್ನೇ ಮಕ್ಕಳ ಮುಂದೆ ಇಡುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಕ್ರಮವನ್ನೇ ರೂಪಿಸಿದರು. ಕಾಗದದಲ್ಲಿ ಏನಿದೆ ಎಂದು ಓದುವುದಕ್ಕೆ ಮೊದಲು ಅದನ್ನು ಬರೆದವರು ಯಾರು, ಯಾರಿಗೆ, ಯಾವಾಗ, ಯಾಕೆ ಎಂದು ಮಗು ಕೇಳಬೇಕು. ಆಮೇಲೆ ಅದನ್ನು ಇನ್ನೊಂದು ಕಾಗದದ ಪಕ್ಕದಲ್ಲಿಟ್ಟು ನೋಡಬೇಕು.

ಮದರಸದ ಚಾಪೆಯ ಮೇಲೆ ನಾಲ್ಕು ದಿನ ಕೂತವರಿಗೆ ಈ ಕ್ರಮ ಅಪರಿಚಿತವೇನಲ್ಲ. ಹದೀಸ್ ವಿದ್ವಾಂಸರು ಮಾತಿಗಿಂತ ಮೊದಲು ಮಾತಿನ ಸರಪಳಿಯನ್ನು ತೂಗಿದವರು. ಇದನ್ನು ಹೇಳಿದವನು ಯಾರು, ಅವನು ಯಾರಿಂದ ಕೇಳಿದ, ಇಬ್ಬರೂ ಒಂದೇ ಕಾಲದಲ್ಲಿ ಒಂದೇ ಊರಿನಲ್ಲಿ ಇದ್ದರೇ, ಹೇಳಿದವನ ನೆನಪು ಗಟ್ಟಿಯೇ, ನಡತೆ ನಂಬುವಂಥದೇ ಎಂದೆಲ್ಲ ವಿಚಾರಿಸಿ, ಆಮೇಲಷ್ಟೇ ಮಾತನ್ನು ಕೈಗೆತ್ತಿಕೊಂಡರು. ಇಷ್ಟು ಒಳ್ಳೆಯ ತಕ್ಕಡಿ ಮನೆಯಲ್ಲೇ ಇದ್ದರೂ ನಮ್ಮ ಸುಲ್ತಾನರ, ನಮ್ಮ ಹಿರೀಕರ ವಿಷಯ ಬಂದಾಗ ಅದನ್ನು ಅಟ್ಟದಿಂದ ಇಳಿಸುವವರು ಕಡಿಮೆ.

ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿಯೊಬ್ಬರು ನನಗೆ ಪರಿಚಯ. ಆ ಶಾಲೆಯಲ್ಲಿ ಕನ್ನಡ ಮಾಧ್ಯಮವೂ ಇದೆ, ಉರ್ದು ಮಾಧ್ಯಮವೂ ಇದೆ. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮಕ್ಕೆ ಕೆಲವೇ ಪುಟ. ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು, ಯುದ್ಧವಾಯಿತು, ಗೆದ್ದರು, ಪ್ರಶ್ನೆ ಉತ್ತರ ಬರೆದುಕೊಳ್ಳಿ. ಇದರಿಂದ ಬೇಸತ್ತ ಅವರು ಮೂಲ ದಾಖಲೆಗಳನ್ನು ಹುಡುಕಿ, ಪ್ರಿಂಟ್ ತೆಗೆಸಿ, ಜೆರಾಕ್ಸ್ ಮಾಡಿಸಿ ಹಂಚತೊಡಗಿದರು. ನಾನು ಪ್ರೈಮರಿ ಉರ್ದುವಿನಲ್ಲಿ, ಹೈಸ್ಕೂಲು ಕನ್ನಡದಲ್ಲಿ ಓದಿದವನಾದ್ದರಿಂದ ಆ ಇಂಗ್ಲಿಷ್ ಕಾಗದಗಳನ್ನು ಎರಡೂ ಭಾಷೆಗೆ ತಿರುಗಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕತೆ ಬರೆಯುವವನಿಗೆ ಇದು ಬಿಟ್ಟಿ ಕೂಲಿಯಲ್ಲ. ಮಕ್ಕಳು ಒಂದು ಕಾಗದವನ್ನು ಓದುವಾಗ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನಗುತ್ತಾರೆ ಎಂಬುದು ಯಾವ ವಿಮರ್ಶಕನಿಂದಲೂ ಕಲಿಯಲಾಗದ ಪಾಠ.

ವರ್ಸೈಯ ಪತ್ರವನ್ನು ಓದಿದಾಗ ಹುಡುಗನೊಬ್ಬ ಎದ್ದು, "ಮಿಸ್, ಸರಿಯಾಗಿ ಕೇಳಿಸಲೇ ಇಲ್ಲ ಅಂದಮೇಲೆ ಯಾಕೆ ಬರೆದರು?" ಎಂದು ಕೇಳಿದ. ಇಡೀ ತರಗತಿ ನಕ್ಕಿತು. ಮಿಸ್ ಮಾತ್ರ ನಗಲಿಲ್ಲ. ಕೇಳಿಸಲಿಲ್ಲ ಎಂದು ಒಪ್ಪಿಕೊಂಡು ಬರೆದವನನ್ನು ಹೆಚ್ಚು ನಂಬಬೇಕೋ, ಎಲ್ಲ ಕೇಳಿಸಿತು ಎಂದು ಬರೆದವನನ್ನೋ ಎಂದು ತಿರುಗಿ ಕೇಳಿದರು. ಆ ದಿನದ ಉಳಿದ ಅವಧಿಯೆಲ್ಲ ಅದರ ಮೇಲೇ ಹೋಯಿತು.

ಅಮೆರಿಕದ ಇತಿಹಾಸ ನಮ್ಮ ಊರಿಗೆ ಅಷ್ಟೇನೂ ದೂರದ್ದಲ್ಲ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಸೈನ್ಯಕ್ಕೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಒಯ್ದವನು. ಇವನೂ ಅವನೂ ಒಬ್ಬನೇ ಎಂದು ಗೊತ್ತಾದಾಗ ಮಕ್ಕಳ ಮುಖ ನೋಡಬೇಕಿತ್ತು. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು 'ಹೈದರ್ ಅಲಿ'. ಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕಾಯಿತು.

ಇಷ್ಟರವರೆಗೆ ಎಲ್ಲವೂ ಖುಷಿಯ ವಿಷಯ. ತೊಡಕು ಶುರುವಾದದ್ದು ಆಮೇಲಿನ ಕಾಗದದಿಂದ.

1769ರ ಸೆಪ್ಟೆಂಬರ್ 14ರ 'ವರ್ಜೀನಿಯಾ ಗೆಜೆಟ್' ಪತ್ರಿಕೆಯಲ್ಲಿ ಒಂದು ಜಾಹೀರಾತಿದೆ. ಸ್ಯಾಂಡಿ ಎಂಬ ಗುಲಾಮ ಓಡಿಹೋಗಿದ್ದಾನೆ. ವಯಸ್ಸು ಸುಮಾರು 35, ಕುಳ್ಳಗೆ ತುಸು ದಪ್ಪಗಿದ್ದಾನೆ, ಮೈಬಣ್ಣ ತಿಳಿ. ಕಸುಬು ಚಪ್ಪಲಿ ಬೂಟು ಹೊಲಿಯುವುದು, ಎಡಗೈಯೇ ಮುಂದು, ಒರಟು ಮರಗೆಲಸವೂ ಬರುತ್ತದೆ, ಕುದುರೆ ಓಡಿಸಬಲ್ಲ. ಕುಡಿತದ ಚಟವಿದೆ, ಕುಡಿದರೆ ಬಾಯಿ ಜೋರು. ಒಂದು ಬಿಳಿ ಕುದುರೆಯನ್ನೂ ಕಸುಬಿನ ಸಾಮಾನನ್ನೂ ಜೊತೆಗೆ ಒಯ್ದಿದ್ದಾನೆ. ಹಿಡಿದು ತಂದವರಿಗೆ ಬಹುಮಾನ: ಇದೇ ಜಿಲ್ಲೆಯಲ್ಲಿ ಸಿಕ್ಕರೆ 40 ಷಿಲಿಂಗು, ವರ್ಜೀನಿಯದ ಬೇರೆ ಕಡೆ ಸಿಕ್ಕರೆ 4 ಪೌಂಡು, ಬೇರೆ ವಸಾಹತಿನಲ್ಲಿ ಸಿಕ್ಕರೆ 10 ಪೌಂಡು. ಕೆಳಗೆ ಹೆಸರು: ಥಾಮಸ್ ಜೆಫರ್‌ಸನ್. ಆಗ ಅವನಿಗೆ 26 ವರ್ಷ. ಏಳು ವರ್ಷ ಕಳೆದು ಮನುಷ್ಯರೆಲ್ಲ ಸಮಾನರಾಗಿ ಸೃಷ್ಟಿಯಾದವರು ಎಂಬ ಘೋಷಣೆಯನ್ನು ಬರೆದ. ಸ್ಯಾಂಡಿ ಸಿಕ್ಕಿಬಿದ್ದ. 1773ರಲ್ಲಿ ಜೆಫರ್‌ಸನ್ ಅವನನ್ನು ನೂರು ಪೌಂಡಿಗೆ ಮಾರಿದ.

ಜಾಹೀರಾತನ್ನು ಕನ್ನಡಕ್ಕೆ ತಿರುಗಿಸುವಾಗ ನನಗೆ ಹೊಳೆಯದೇ ಇದ್ದ ಒಂದು ಪ್ರಶ್ನೆಯನ್ನು ಕನ್ನಡ ವಿಭಾಗದ ಹುಡುಗಿಯೊಬ್ಬಳು ಎತ್ತಿದಳು. "ಸರ್, ಹಾಳೆಯಲ್ಲಿ ಜೆಫರ್‌ಸನ್ 'ಅವರು' ಅಂತ ಇದೆ, ಸ್ಯಾಂಡಿ 'ಅವನು' ಅಂತ ಇದೆ. ಇಂಗ್ಲಿಷಿನಲ್ಲೂ ಹಾಗೇ ಇದೆಯಾ?" ಇಂಗ್ಲಿಷಿನಲ್ಲಿ ಹಾಗಿಲ್ಲ. ಒಡೆಯನಿಗೂ ಆಳಿಗೂ ಅಲ್ಲಿ ಒಂದೇ ಸರ್ವನಾಮ. ಬಹುವಚನದ ಮಣೆ ಹಾಕುವುದು, ಏಕವಚನದಲ್ಲಿ ಹೊರಗೆ ನಿಲ್ಲಿಸುವುದು ನಮ್ಮ ಭಾಷೆಯ ಪದ್ಧತಿ. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಒಂದು ವಾಕ್ಯ ಬರೆಯಬೇಕಾದರೆ ಇವನು ಯಾವ ಮಟ್ಟದವನೆಂದು ಮೊದಲೇ ತೀರ್ಮಾನಿಸಿಬಿಡಬೇಕಾಗುತ್ತದೆ. ಈ ಲೇಖನದಲ್ಲಿ ಜೆಫರ್‌ಸನ್, ಟಿಪ್ಪು, ಸ್ಯಾಂಡಿ ಎಲ್ಲರನ್ನೂ ಏಕವಚನದಲ್ಲಿ ಕರೆದಿದ್ದೇನೆ. ಓದುಗರು ಅಗೌರವವೆಂದು ಭಾವಿಸಬಾರದು.

ಅಮೆರಿಕದ ಮಕ್ಕಳು ಘೋಷಣೆಯನ್ನೂ ಈ ಜಾಹೀರಾತನ್ನೂ ಅಕ್ಕಪಕ್ಕದಲ್ಲಿಟ್ಟು ಓದಬಲ್ಲರು. ಘೋಷಣೆಯ ಕರಡೂ ಸಿಗುತ್ತದೆ. ಅದರಲ್ಲಿ ಗುಲಾಮರ ವ್ಯಾಪಾರಕ್ಕಾಗಿ ಇಂಗ್ಲೆಂಡಿನ ದೊರೆಯನ್ನು ಕಟುವಾಗಿ ಬೈದ ಒಂದು ಭಾಗವಿತ್ತು. ಬರೆದವನು ಜೆಫರ್‌ಸನ್, ತೆಗೆದುಹಾಕಿದ್ದು ಅವನ ಜೊತೆಯ ಪ್ರತಿನಿಧಿಗಳ ಸಭೆ. ಅಂದರೆ ಆ ಮನುಷ್ಯನಿಗೆ ಅದು ಪಾಪವೆಂದು ಗೊತ್ತಿತ್ತು. ಗೊತ್ತಿದ್ದೂ ಬದುಕಿನುದ್ದಕ್ಕೂ ಆರುನೂರಕ್ಕೂ ಹೆಚ್ಚು ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಂಡಿದ್ದ. ಇಷ್ಟು ಒಳಗೊಳಗೇ ಸೀಳಿದ ಪಾತ್ರವನ್ನು ಕತೆಯಲ್ಲಿ ತಂದರೆ ಸಂಪಾದಕರು ಸಹಜವಾಗಿಲ್ಲ ಎಂದು ವಾಪಸು ಕಳಿಸಿಯಾರು.

ನಮ್ಮ ಮೊಹಲ್ಲಾಗಳಲ್ಲಿ ಜೆಫರ್‌ಸನ್ ಬೇರೆ ಕಾರಣಕ್ಕೆ ಪ್ರಸಿದ್ಧ. 1765ರಲ್ಲಿ ಅವನು ಜಾರ್ಜ್ ಸೇಲ್ ಮಾಡಿದ ಕುರ್‌ಆನಿನ ಇಂಗ್ಲಿಷ್ ಅನುವಾದವನ್ನು ಕೊಂಡಿದ್ದ. 2007ರ ಜನವರಿಯಲ್ಲಿ ಕೀತ್ ಎಲಿಸನ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಮನಾಗಿ ಪ್ರಮಾಣವಚನ ತೆಗೆದುಕೊಂಡದ್ದು ಇದೇ ಪ್ರತಿಯ ಮೇಲೆ ಕೈಯಿಟ್ಟು. ಆ ಚಿತ್ರ ಫೋನಿನಿಂದ ಫೋನಿಗೆ ಹಾರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಜೆಫರ್‌ಸನ್ ನಮ್ಮವನಾಗಿಬಿಟ್ಟ! ಆ ಚಿತ್ರ ಸುಳ್ಳಲ್ಲ. ಆದರೆ ಕುರ್‌ಆನ್ ಕೊಂಡ ನಾಲ್ಕು ವರ್ಷಕ್ಕೆ ಕೊಟ್ಟ ಜಾಹೀರಾತನ್ನು ಯಾರೂ ಕಳಿಸುವುದಿಲ್ಲ. ದಾಖಲೆ ನಿಜವಾಗಿರುವುದು ಬೇರೆ, ದಾಖಲೆ ಇಟ್ಟವನು ಪ್ರಾಮಾಣಿಕನಾಗಿರುವುದು ಬೇರೆ. ಡಿಜಿಟಲ್ ಪತ್ರಾಗಾರ ಮೊದಲನೆಯದನ್ನು ಸಲೀಸಾಗಿಸಿದೆ. ಎರಡನೆಯದಕ್ಕೆ ಅದರಿಂದ ಕಾಸಿನ ಉಪಕಾರವಿಲ್ಲ. ಮೊದಲು ಸುಳ್ಳು ಹೇಳಬೇಕಾದವನು ಸುಳ್ಳನ್ನು ಕಟ್ಟಬೇಕಿತ್ತು. ಈಗ ಸಾವಿರ ನಿಜಗಳಿಂದ ಒಂದನ್ನು ಆರಿಸಿಕೊಂಡರೆ ಸಾಕು.

ಇಲ್ಲಿಗೆ ನನ್ನ ನಿಜವಾದ ಪ್ರಶ್ನೆ ಬರುತ್ತದೆ. ಮೈಸೂರಿನ ಮಗುವಿಗೆ ಸ್ಯಾಂಡಿಯ ಕತೆ ಹೇಳುವುದು ಸುಲಭ. ಈ ಊರಿನಲ್ಲಿ ಜೆಫರ್‌ಸನ್ನನ ಹೆಸರಿನಲ್ಲಿ ಯಾರೂ ಕಲ್ಲು ತೂರುವುದಿಲ್ಲ, ಅವನ ಜಯಂತಿ ಮಾಡುವವರೂ ಇಲ್ಲ, ನಿಲ್ಲಿಸುವವರೂ ಇಲ್ಲ. ಅದಕ್ಕೇ ಮಿಸ್ ಅದನ್ನು ಆರಿಸಿಕೊಂಡದ್ದು. ಪ್ರೀತಿಯ ನಾಯಕನೊಬ್ಬನ ಎರಡು ಕಾಗದಗಳು ಒಂದಕ್ಕೊಂದು ಜಗಳವಾಡಿದಾಗ ಏನು ಮಾಡಬೇಕೆಂಬುದನ್ನು ನಮ್ಮ ಮಕ್ಕಳು ಮೊದಲು ಬೇರೆಯವರ ಅಂಗಳದಲ್ಲಿ ಕಲಿಯಲಿ ಎಂಬುದು ಅವರ ಯೋಚನೆ. ಆದರೆ ಬೇರೆಯವರ ಗಾಯವನ್ನು ನಮ್ಮ ಮಕ್ಕಳು ಅಕ್ಷರ ತಿದ್ದುವ ಹಲಗೆ ಮಾಡಿಕೊಳ್ಳುವುದು ನ್ಯಾಯವೇ? ಸ್ಯಾಂಡಿಯ ಬೆನ್ನ ಮೇಲೆ ನಾವು ತರ್ಕಶಾಸ್ತ್ರ ಕಲಿಯಬಹುದೇ?

ಮೊದಲ ವರ್ಷ ನಾನು ನೋಡಿದ್ದನ್ನು ಹೇಳುತ್ತೇನೆ. ಜಾಹೀರಾತು ಓದಿದ ಮಕ್ಕಳಲ್ಲಿ ಬಹಳ ಮಂದಿಗೆ ಸಂತೋಷವಾಯಿತು. ದೊಡ್ಡ ದೇಶದ ದೊಡ್ಡ ಮನುಷ್ಯನ ಬಂಡವಾಳ ಬಯಲಾದ ಸಂತೋಷ. "ಅಮೆರಿಕದವರು ಕಪಟಿಗಳು" ಎಂದು ಉತ್ತರ ಬರೆದರು. ಸ್ಯಾಂಡಿ ಅವರ ಕಣ್ಣಿನಿಂದ ಮಾಯವಾಗಿಬಿಟ್ಟಿದ್ದ. ಅವನ ಎಡಗೈ, ಬಿಳಿ ಕುದುರೆ, ಓಡಿಹೋಗುವ ಆತುರದಲ್ಲೂ ಮರೆಯದೆ ಕಟ್ಟಿಕೊಂಡ ಕಸುಬಿನ ಸಾಮಾನು, ಯಾವುದೂ ಯಾರಿಗೂ ಬೇಕಿರಲಿಲ್ಲ. ನೊಂದವನ ಹೆಸರಿನಲ್ಲಿ ನಮ್ಮ ಎದುರಾಳಿಯನ್ನು ಸೋಲಿಸುವುದು ನಮ್ಮ ರಾಜಕೀಯದ ಹಳೇ ಚಾಳಿ. ಹದಿನಾಲ್ಕನೇ ವಯಸ್ಸಿಗೆ ಅದು ಮಕ್ಕಳಿಗೂ ಅಂಟಿರುತ್ತದೆ. ಮುಂದಿನ ವರ್ಷ ಮಿಸ್ ಪ್ರಶ್ನೆ ಬದಲಿಸಿದರು. ಜೆಫರ್‌ಸನ್ ಎಂಥವನು ಎಂದು ಕೇಳುವುದನ್ನು ಬಿಟ್ಟು, ಈ ಹಾಳೆಯಿಂದ ಸ್ಯಾಂಡಿಯ ಬಗ್ಗೆ ಏನೇನು ತಿಳಿಯುತ್ತದೆ, ಹಾಗೆ ತಿಳಿಸಿದವನಿಗೆ ಅವನ ಮೇಲಿದ್ದ ಸ್ವಾರ್ಥವೇನು ಎಂದು ಕೇಳಿದರು. ಮಂಡಿ ಮೊಹಲ್ಲಾದ ಕಡೆಯ ಹುಡುಗನೊಬ್ಬ, ಅವನ ಮಾಮು ಚಪ್ಪಲಿ ಅಂಗಡಿಯವರು, ಸ್ಯಾಂಡಿ ಕುಡುಕನೆಂದು ಜಾಹೀರಾತಿನಲ್ಲಿದೆ, ಆದರೆ ಅದನ್ನು ಹೇಳಿದವನು ಅವನನ್ನು ಹಿಡಿಸಲು ಹೊರಟವನು, ನಂಬುವುದು ಹೇಗೆ ಎಂದು ಬರೆದ. ಸಾಮಾನು ಒಯ್ದದ್ದರಿಂದ ಅವನು ಎಲ್ಲೋ ಹೋಗಿ ದುಡಿದು ಬದುಕುವ ಆಸೆಯಿಟ್ಟುಕೊಂಡಿದ್ದ ಎಂದೂ ಬರೆದ. ಇನ್ನೊಬ್ಬರ ಗಾಯವನ್ನು ಓದಲು ನಮಗೆ ಹಕ್ಕಿದೆಯೇ ಎಂಬ ಪ್ರಶ್ನೆಗೆ ಇಂಥ ಉತ್ತರಪತ್ರಿಕೆಯೇ ಸಮಾಧಾನ ಎಂದು ನನ್ನ ಅಭಿಪ್ರಾಯ. ಆ ಹುಡುಗ ಸ್ಯಾಂಡಿಯನ್ನು ಬಳಸಿಕೊಳ್ಳಲಿಲ್ಲ, ಭೇಟಿಯಾದ.

ಯಾರ ಮುಂದೆ ಯಾರು ಮಾತಾಡುತ್ತಾರೆ ಎಂಬುದನ್ನು ಕಲಿಸಲು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲೇ ಇನ್ನೊಂದು ಕಣಜವಿದೆ. 1936ರಿಂದ 1938ರವರೆಗೆ ಅಲ್ಲಿನ ಸರಕಾರ ಬರಹಗಾರರನ್ನು ನೇಮಿಸಿ, ಗುಲಾಮಗಿರಿಯಲ್ಲಿ ಹುಟ್ಟಿ ಇನ್ನೂ ಬದುಕಿದ್ದ ಮುದುಕ ಮುದುಕಿಯರ ಮಾತುಗಳನ್ನು ಬರೆಸಿತು. 2,300ಕ್ಕೂ ಹೆಚ್ಚು ಹೇಳಿಕೆಗಳು. ಕೇಳಲು ಹೋದವರಲ್ಲಿ ಹೆಚ್ಚಿನವರು ಬಿಳಿಯರು. ಚಾರ್ಲ್‌ಸ್ಟನ್ನಿನ ಸೂಸನ್ ಎಂಬ ವೃದ್ಧೆಯನ್ನು ಒಬ್ಬ ಬಿಳಿ ಹೆಂಗಸೂ ಒಬ್ಬ ಕಪ್ಪು ಗಂಡಸೂ ಬೇರೆಬೇರೆಯಾಗಿ ಭೇಟಿಯಾಗಿ ಬರೆದುಕೊಂಡರು. ಬಿಳಿ ಹೆಂಗಸಿನ ಕಾಗದದಲ್ಲಿ ಒಡೆಯ ದಯಾಳು. ಕಪ್ಪು ಗಂಡಸಿನ ಕಾಗದದಲ್ಲಿ ಚಾಟಿ, ಮಾರಾಟ, ಅಳು. ಮುದುಕಿ ಒಬ್ಬಳೇ, ಬಾಯಿ ಒಂದೇ. ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಬಾಗಿಲಿಗೆ ಬಂದ ಅಧಿಕಾರಿಗೆ ಅಮ್ಮಂದಿರು ಹೇಳುವುದೇನು, ಬಾಗಿಲು ಹಾಕಿದ ಮೇಲೆ ಅಡುಗೆಮನೆಯಲ್ಲಿ ಹೇಳುವುದೇನು ಎಂದು ಅವರಿಗೆ ಗೊತ್ತು.

ಉರ್ದು ವಿಭಾಗದವರು ಅಮೆರಿಕದ ಬಹುಪಾಲು ಮಕ್ಕಳಿಗಿಂತ ಮುಂದೆ ಹೋದದ್ದು ಒಂದು ಹಸ್ತಪ್ರತಿಯ ವಿಷಯದಲ್ಲಿ. ಇಂದಿನ ಸೆನೆಗಲ್ ಇರುವ ಕಡೆಯ ಫೂಟಾ ತೋರೋ ಎಂಬ ಪ್ರದೇಶದಲ್ಲಿ ಸುಮಾರು 1770ರಲ್ಲಿ ಹುಟ್ಟಿದ ಉಮರ್ ಇಬ್ನ್ ಸಯೀದ್ ಎಂಬ ವಿದ್ವಾಂಸನನ್ನು 1807ರಲ್ಲಿ ಸೆರೆಹಿಡಿದು ಹಡಗಿನಲ್ಲಿ ಚಾರ್ಲ್‌ಸ್ಟನ್ನಿಗೆ ತಂದು ಮಾರಿದರು. ಕ್ರೂರಿಯಾದ ಒಡೆಯನಿಂದ ತಪ್ಪಿಸಿಕೊಂಡು ಓಡಿದ. ಸಿಕ್ಕಿಬಿದ್ದು ಜೈಲಿಗೆ ಹೋದ. ಅಲ್ಲಿ ಗೋಡೆಗಳ ಮೇಲೆ ಇದ್ದಿಲಿನಿಂದ ಅರಬಿಯಲ್ಲಿ ಬರೆದ. ಜನ ಬೆರಗಾಗಿ ನೋಡಲು ಬಂದರು. ಕೊನೆಗೆ ಉತ್ತರ ಕ್ಯಾರೊಲಿನದ ಜೇಮ್ಸ್ ಓವೆನ್ ಎಂಬವನು ಕೊಂಡುಕೊಂಡ. 1831ರಲ್ಲಿ ಉಮರ್ ಹದಿನೈದು ಪುಟಗಳ ಆತ್ಮಕತೆಯನ್ನು ಅರಬಿಯಲ್ಲಿ ಬರೆದ. ಸ್ವತಂತ್ರನಾಗದೆಯೇ, 1860ರ ದಶಕದ ಅಂತರ್ಯುದ್ಧದ ನಡುವೆ ತೀರಿಕೊಂಡ. ಆ ಹಸ್ತಪ್ರತಿಯನ್ನು ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ಕೊಂಡು 2019ರಲ್ಲಿ ಎಲ್ಲರಿಗೂ ಕಾಣುವಂತೆ ಜಾಲಕ್ಕೆ ಏರಿಸಿತು.

ಅಕ್ಷರದ ತಿರುವು ನಮ್ಮ ಮಕ್ಕಳು ಕಂಡ ಅಚ್ಚಿನ ಅಕ್ಷರದಂತಲ್ಲ, ಪಶ್ಚಿಮ ಆಫ್ರಿಕದ್ದು. ಆದರೂ ಮೊದಲ ಪುಟಗಳ ಮೇಲೆ ಬೆರಳಿಟ್ಟು ಉಚ್ಚರಿಸುತ್ತ ಹೋದ ಹುಡುಗಿಯೊಬ್ಬಳು ತಟ್ಟನೆ ತಲೆಯೆತ್ತಿ, "ಮಿಸ್, ಇದು ಸೂರಃ ಅಲ್ ಮುಲ್ಕ್ ಅಲ್ಲವಾ?" ಎಂದಳು. ಹೌದು, ಉಮರ್ ತನ್ನ ಕತೆಯನ್ನು ಶುರುಮಾಡುವುದು ಆ ಸೂರಃದಿಂದಲೇ. ಮುಲ್ಕ್ ಎಂದರೆ ಒಡೆತನ, ಪ್ರಭುತ್ವ. ಉರ್ದುವಿನ 'ಮಾಲಿಕ್' ಬಂದದ್ದು ಅದೇ ಮೂಲದಿಂದ. ಇನ್ನೊಬ್ಬನ ಆಸ್ತಿಯಾಗಿದ್ದವನು ತನ್ನ ಬದುಕಿನ ಕತೆಗೆ ಮುನ್ನುಡಿಯಾಗಿ ಒಡೆತನ ಯಾರದೆಂದು ಹೇಳುವ ಅಧ್ಯಾಯವನ್ನೇ ಆರಿಸಿಕೊಂಡ. ಅದು ಬೇಕೆಂದೇ ಮಾಡಿದ ಆಯ್ಕೆ ಎಂದು ಹಲವು ವಿದ್ವಾಂಸರು ಬರೆದಿದ್ದಾರೆ. ನೆನಪಿನಲ್ಲಿ ಉಳಿದಿದ್ದುದು ಅದೇ ಆಗಿದ್ದಿರಲೂಬಹುದು. ಹುಡುಗಿಗೆ ಮೊದಲನೆಯದೇ ಖಾತ್ರಿ.

ಅದೇ ಉಮರ್ ತನ್ನ ಒಡೆಯ ಓವೆನ್‌ನನ್ನು ಹೊಗಳುತ್ತಾನೆ. ಹೊಡೆಯುವುದಿಲ್ಲ, ಉಪವಾಸ ಕೆಡವುವುದಿಲ್ಲ ಎನ್ನುತ್ತಾನೆ. ತನ್ನ ಮಾತೂ ಅರಬರ ಮಾತೂ ಬಹಳಷ್ಟು ಮರೆತುಹೋಗಿದೆ ಎಂದು ಕ್ಷಮೆ ಕೇಳುತ್ತಾನೆ. ಅವನಿಗೆ ಕ್ರೈಸ್ತ ದೀಕ್ಷೆಯೂ ಆಗಿತ್ತು. ಹಾಗಾದರೆ ಅವನು ಮುಸ್ಲಿಮನೇ, ಕ್ರೈಸ್ತನೇ? ಹೊಗಳಿದ್ದು ನಿಜವೇ, ಭಯವೇ? ಸೂಸನ್ ಮುದುಕಿಯ ಎರಡು ಕಾಗದ ಓದಿದ್ದ ಮಕ್ಕಳು ಅವಸರ ಮಾಡಲಿಲ್ಲ. ನಮ್ಮಲ್ಲಿ ಉಮರನನ್ನು ಹುತಾತ್ಮನನ್ನಾಗಿ ಮಾಡಲು ಹಾತೊರೆಯುವವರಿದ್ದಾರೆ, ಅವನ ಕಾಲದ ಪಾದ್ರಿಗಳು ಅವನನ್ನು ಮತಾಂತರದ ಮಾದರಿಯಾಗಿ ಮೆರೆಸಿದ ಹಾಗೆಯೇ. ಇಬ್ಬರಿಗೂ ಅವನ ಹದಿನೈದು ಪುಟಗಳಲ್ಲಿ ಕೆಲವೇ ಸಾಲು ಬೇಕು.

ಈಗ ನಮ್ಮ ಮನೆಯ ಕಾಗದಪತ್ರದ ಮಾತು. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರಕಾರ ನಿಲ್ಲಿಸಿತು. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಗದ್ದಲ. ಅಮೆರಿಕದಲ್ಲೂ 2021ರಿಂದೀಚೆಗೆ ಹಲವು ರ‍್ಯಾಜ್ಯಗಳು ಜನಾಂಗದ ವಿಷಯವನ್ನು ಶಾಲೆಯಲ್ಲಿ ಹೇಗೆ ಕಲಿಸಬಾರದು ಎಂದು ಕಾನೂನು ಮಾಡಿವೆ. ಮಕ್ಕಳ ಮನಸ್ಸಿಗೆ ನೋವಾಗುತ್ತದೆ ಎಂಬುದು ಅಲ್ಲಿಯೂ ಕೊಡುವ ಕಾರಣ. ಇಂಥ ಹೊತ್ತಿನಲ್ಲಿ ಮಿಸ್ ಒಂದೇ ಹಾಳೆಯ ಎರಡು ಬದಿಗೆ ಟಿಪ್ಪುವಿನ ಎರಡು ಪತ್ರಗಳ ಸಾರವನ್ನು ಹಾಕಿಸಿದರು.

ಒಂದು ಬದಿ ಶೃಂಗೇರಿಯದು. 1791ರಲ್ಲಿ ಮರಾಠರ ಸೈನ್ಯದವರು ಶೃಂಗೇರಿಯನ್ನು ಲೂಟಿ ಮಾಡಿದಾಗ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕೊಡುವಂತೆ ನಗರದ ಅಧಿಕಾರಿಗೆ ಆಜ್ಞೆ ಮಾಡಿದ. ಇಂಥ ಪತ್ರಗಳು ಶೃಂಗೇರಿ ಮಠದಲ್ಲಿ ಇದ್ದುದನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಇನ್ನೊಂದು ಬದಿಯ ಪತ್ರ 1786ರದು, ಕರ್ನೂಲಿನ ನವಾಬ ರನ್‌ಮಸ್ತ್ ಖಾನನಿಗೆ ಬರೆದದ್ದು. ಕೊಡಗಿನಲ್ಲಿ ದಂಗೆಯೆದ್ದ ನಲವತ್ತು ಸಾವಿರ ಜನರನ್ನು ಸೆರೆಹಿಡಿದು, ಅವರ ನಾಡಿನಿಂದ ಒಯ್ದು, ಇಸ್ಲಾಮಿಗೆ ಸೇರಿಸಿ, ಅಹಮದಿ ದಳಕ್ಕೆ ಹಾಕಿದೆ ಎಂದು ಅದರಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಇದು ಸಿಗುವುದು ಕಂಪನಿಯ ಸೈನ್ಯಾಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದ ಆಯ್ದ ಪತ್ರಗಳ ಪುಸ್ತಕದಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕೈವಶವಾದ ಫಾರಸಿ ಕಾಗದಗಳವು. ಪುಸ್ತಕದ ಸ್ಕ್ಯಾನ್ ಪ್ರತಿ ಜಾಲದಲ್ಲಿದೆ.

ಇಸ್ನಾದ್ ನೋಡಿ ಎಂದರು ಮಿಸ್. ಫಾರಸಿಯಿಂದ ಇಂಗ್ಲಿಷಿಗೆ ತಂದವನು ಶತ್ರುವಿನ ಕಡೆಯವನು. ಆರಿಸಿದವನೂ ಅವನೇ. ಮುನ್ನುಡಿಯಲ್ಲಿ ಟಿಪ್ಪುವಿನ ಮೇಲಿನ ತನ್ನ ದ್ವೇಷವನ್ನು ಅವನು ಮುಚ್ಚಿಡುವುದೂ ಇಲ್ಲ. ಆದರೆ ಅದೇ ಮನುಷ್ಯ ಅದೇ ಪುಸ್ತಕದಲ್ಲಿ ರೇಷ್ಮೆಹುಳು ತರಲು ಬಂಗಾಳಕ್ಕೆ ಹೋಗಿದ್ದ ಬಹಾವುದ್ದೀನ್ ಮತ್ತು ಕಸ್ತೂರಿ ರಂಗ ಮರಳಿ ಬರುತ್ತಿದ್ದಾರೆ, ಹುಳು ಸಾಕಲು ಏರ್ಪಾಟು ಮಾಡು ಎಂದು ಟಿಪ್ಪು ಬರೆದ ಪತ್ರವನ್ನೂ ಕೊಟ್ಟಿದ್ದಾನೆ. ಅದನ್ನು ನಾವು ಎಲ್ಲ ಭಾಷಣಗಳಲ್ಲೂ ಎರಡು ಕೈಯಿಂದ ಎತ್ತಿ ತೋರಿಸುತ್ತೇವೆ. ಹುಳುವಿನ ಪತ್ರಕ್ಕೆ ಕರ್ಕ್‌ಪ್ಯಾಟ್ರಿಕ್ ಸಾಚಾ, ಕೊಡಗಿನ ಪತ್ರಕ್ಕೆ ಖೋಟಾ ಎನ್ನಲು ಬರುವುದಿಲ್ಲ. ಕೊಡಗಿನ ಪತ್ರವನ್ನು ದಿನಾ ತೋರಿಸುವವರು ಶೃಂಗೇರಿಯ ಪತ್ರ ಬಂದಾಗ ಕೆಮ್ಮುವುದೂ ಅಷ್ಟೇ ಅಪ್ರಾಮಾಣಿಕ. ನಲವತ್ತು ಸಾವಿರ ಎಂಬ ಸಂಖ್ಯೆ ದೊರೆಗಳ ಬಡಾಯಿ ಇರಬಹುದು ಎಂದು ಒಬ್ಬ ಹುಡುಗ ಹೇಳಿದ. ಒಳ್ಳೆಯ ಸಂಶಯವೇ. ಆದರೆ ಬಡಾಯಿಯೇ ಆದರೂ, ಅದನ್ನು ಕೊಚ್ಚಿಕೊಳ್ಳಬೇಕಾದ ಸಂಗತಿಯೆಂದು ಭಾವಿಸಿದ್ದು ಉಳಿಯುತ್ತದೆಯಲ್ಲ. ಲೆಕ್ಕ ತಪ್ಪೆಂದು ತೋರಿಸಿದೊಡನೆ ನೋವೂ ಸುಳ್ಳಾಯಿತು ಎಂದುಕೊಳ್ಳುವ ಚಟ ಎಲ್ಲ ಕಡೆಯ ವಕೀಲರಿಗೂ ಇದೆ.

ಹಾಳೆ ಮನೆಗೆ ಹೋಯಿತು. ನಾಲ್ಕು ದಿನಕ್ಕೆ ಮೊಹಲ್ಲಾದ ಹಿರಿಯರೊಬ್ಬರು, ತಾವೂ ಮೇಷ್ಟ್ರಾಗಿ ನಿವೃತ್ತರಾದವರು, ನನ್ನನ್ನು ಕರೆಸಿದರು. "ನೋಡು ಬೇಟಾ, ನೀನು ಕತೆ ಬರೆಯೋನು, ನಿನಗೆ ಎಲ್ಲಾ ಕಡೆ ಚಪ್ಪಾಳೆ ಸಿಗುತ್ತೆ. ನಮ್ಮ ಹುಡುಗರನ್ನ ದಿನಾ ಟಿಪ್ಪು ಹೆಸರಲ್ಲಿ ಚುಚ್ಚುತ್ತಾರೆ. ಆ ಕೋಲನ್ನ ಸ್ಕೂಲಿನಲ್ಲಿ ನೀವೇ ಕೆತ್ತಿ ಕೊಡ್ತೀರಾ? ಅವರ ಮಕ್ಕಳಿಗೆ ಅವರ ರಾಜರ ಬಗ್ಗೆ ಹಿಂಗೆ ಯಾರಾದರೂ ಹಾಳೆ ಹಂಚುತ್ತಾರಾ?"

ಇದನ್ನು ಮೂಢತನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಬಲ ಇರುವವನು ಆತ್ಮವಿಮರ್ಶೆ ಮಾಡಿಕೊಂಡರೆ ದೊಡ್ಡತನ, ಮೂಲೆಗೊತ್ತಲ್ಪಟ್ಟವನು ಮಾಡಿಕೊಂಡರೆ ತಪ್ಪೊಪ್ಪಿಗೆ ಎಂದು ಲೋಕ ಬರೆದುಕೊಳ್ಳುತ್ತದೆ. ಜೆಫರ್‌ಸನ್ನನ ಜಾಹೀರಾತು ಓದುವ ಬಿಳಿ ಹುಡುಗನಿಗೆ ಶಾಲೆಯ ಹೊರಗೆ ಯಾರೂ ಅದಕ್ಕಾಗಿ ಲೆಕ್ಕ ಕೇಳುವುದಿಲ್ಲ. ನಮ್ಮ ಹುಡುಗನಿಗೆ ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಹಾಗಾಗಿ ಎರಡೂ ಪಾಠ ಒಂದೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವರ ಕೊನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ, ಇವತ್ತೂ ಇಲ್ಲ.

ನಾನು ಹೇಳಿದ್ದು ಇಷ್ಟು. ಚಾಚಾ, ಈ ಪತ್ರ ನಮ್ಮ ಹುಡುಗರ ಫೋನಿಗೆ ಆಗಲೇ ಬಂದಿದೆ. ಬೈಗುಳದ ಜೊತೆ, ಹಿಂದುಮುಂದಿಲ್ಲದೆ, ಕೆಂಪು ಬಣ್ಣದ ಗೆರೆ ಎಳೆದು ಬಂದಿದೆ. ಅದನ್ನು ಅವರು ಒಬ್ಬರೇ ಕೂತು ಓದಿದ್ದಾರೆ. ಕೇಳಲು ಯಾರೂ ಇಲ್ಲದೆ ಒಂದೋ ಇದೆಲ್ಲ ಪೂರಾ ಸುಳ್ಳು ಎಂದುಕೊಂಡಿದ್ದಾರೆ, ಇಲ್ಲ ನಾಚಿಕೆಯಿಂದ ಯಾರಿಗೂ ಹೇಳಿಲ್ಲ. ದ್ವೇಷಿಸುವವನ ಕೈಯಿಂದ ಮೊದಲ ಸಲ ತಿಳಿಯುವುದಕ್ಕಿಂತ ಮಿಸ್ ಕೈಯಿಂದ ತಿಳಿಯುವುದು ಮೇಲಲ್ಲವೇ? ಮತ್ತೆ, ಆ ಪತ್ರದಲ್ಲಿ ಸೆರೆಯಾದವರೂ ಯಾರದೋ ಅಪ್ಪ ಅಮ್ಮ. ಉಮರನನ್ನು ಹಡಗಿಗೆ ಹತ್ತಿಸಿದ್ದಕ್ಕೆ ಕಣ್ಣೀರಿಟ್ಟ ಮಗು ಇವರನ್ನು ಹಾರಿಸಿ ಓದಬೇಕೆಂದು ಹೇಗೆ ಹೇಳುವುದು? ಹಿರಿಯರು ಒಪ್ಪಲಿಲ್ಲ. ಚಹಾ ಕುಡಿಸಿ ಕಳಿಸಿದರು. ಹಾಳೆಯನ್ನು ಮಾತ್ರ ವಾಪಸು ಕೊಡಲಿಲ್ಲ, ಇನ್ನೊಮ್ಮೆ ಓದಬೇಕು ಎಂದು ಇಟ್ಟುಕೊಂಡರು.

ತರಗತಿಯಲ್ಲಿ ಆ ಹಾಳೆಯ ಮೇಲೆ ಬಂದ ಕೊನೆಯ ಪ್ರಶ್ನೆ ಸೂರಃ ಗುರುತಿಸಿದ ಹುಡುಗಿಯದು. ಕೊಡಗಿನಿಂದ ಒಯ್ದವರಲ್ಲಿ ಯಾರಾದರೂ ಉಮರನ ಹಾಗೆ ತಮ್ಮ ಕತೆ ಬರೆದಿಟ್ಟಿದ್ದಾರಾ? ಇಂಗ್ಲಿಷ್ ಕೈದಿಗಳು ಬರೆದದ್ದು ಜಾಲದಲ್ಲಿ ಸಲೀಸಾಗಿ ಸಿಗುತ್ತದೆ. ಹತ್ತು ವರ್ಷ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿಯ ಪುಸ್ತಕ 1824ರಲ್ಲೇ ಅಚ್ಚಾಗಿತ್ತು. ಹುಡುಗಿ ಕೇಳಿದ್ದು ಅವರನ್ನಲ್ಲ. ಮಿಸ್ ಮಡಿಕೇರಿಯ ಕಡೆ ಪಾಠ ಮಾಡುವ ತಮ್ಮ ಬಿ.ಎಡ್. ಸಹಪಾಠಿಯೊಬ್ಬರಿಗೆ ಫೋನ್ ಮಾಡಿ, ಅಲ್ಲಿನ ಮನೆಗಳಲ್ಲಿ ಹಿರಿಯರು ಆ ಕಾಲದ ಬಗ್ಗೆ ಹೇಳುವುದೇನಾದರೂ ಇದ್ದರೆ, ಹಾಡಿರಲಿ ಕತೆಯಿರಲಿ, ಮಕ್ಕಳಿಂದ ಬರೆಸಿ, ಹೇಳಿದವರು ಯಾರು, ಅವರು ಯಾರಿಂದ ಕೇಳಿದ್ದು ಎಂಬುದನ್ನೂ ಸೇರಿಸಿ ಕಳಿಸಿ ಎಂದು ಕೇಳಿಕೊಂಡಿದ್ದಾರೆ. ಅವರು ಒಪ್ಪಿದ್ದಾರೆ. ಬದಲಿಗೆ ಶೃಂಗೇರಿ ಪತ್ರದ ಪ್ರತಿ ಬೇಕೆಂದಿದ್ದಾರೆ. ಅದನ್ನು ಮಕ್ಕಳು ಓದುವಂತೆ ಇಂದಿನ ಕನ್ನಡಕ್ಕೆ ಬಿಡಿಸಿ ಬರೆಯುವ ಕೆಲಸ ಈ ವಾರ ನನ್ನ ಮೇಜಿನ ಮೇಲಿದೆ.